ವಜ್ರೇಶ್ವರಿಗೆ ಎರಡೇ ಸೈಕಲ್

ಒಬ್ಬರು ತೀರಿಕೊಂಡ ಸುದ್ದಿ ಕೇಳಿ ಎದೆಯ ಮೇಲಿನ ಕಲ್ಲು ಇಳಿದಂತಾದದ್ದು ನನ್ನ ಆಯುಷ್ಯದಲ್ಲಿ ಅದೊಂದೇ ಸಲ. ಪಾಪ ಅನ್ನುವವರು ಅನ್ನಲಿ. ಆ ದಿನ ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತದ್ದು ಅಳು ತಡೆಯಲಿಕ್ಕೆ ಎಂದು ಮನೆಯವರೆಲ್ಲ ತಿಳಿದರು. ನಾನು ತಡೆದದ್ದು ನಗುವನ್ನು. ಯಾಕೆ ಎಂದು ಹೇಳಬೇಕಾದರೆ ಮೊದಲು ನಮ್ಮ ಖೋಲಿಯ ಸಂಗತಿ ಹೇಳಬೇಕು.

ಐವತ್ತರ ದಶಕದ ನಡುವಿನ ಮಾತು ಇದು. ಗ್ರಾಂಟ್ ರೋಡ್ ಸ್ಟೇಶನ್ನಿನ ಹತ್ತಿರದ ಒಂದು ಚಾಳಿನಲ್ಲಿ, ಮೂರನೆಯ ಮಾಳಿಗೆಯ ಮೇಲೆ ನಮ್ಮದು ಒಂದೇ ಕೋಣೆಯ ಖೋಲಿ. ನಾನು ಧಾರವಾಡದಿಂದ ಮದುವೆಯಾಗಿ ಬಂದು ನಾಲ್ಕು ವರ್ಷವಾಗಿತ್ತು. ನಮ್ಮ ಮನೆಯವರು ಕೋಟೆ ಕಡೆಯ ಒಂದು ಆಫೀಸಿನಲ್ಲಿ ಕಾರಕೂನರು. ಅತ್ತೆಯವರು ನಮ್ಮ ಜೊತೆಗೇ. ಮೂವರಿಗೆ ಆ ಖೋಲಿ ಧಾರಾಳ ಸಾಕು. ಆದರೆ ಮೂವರೇ ಇದ್ದ ದಿನ ಯಾವುದು? ಬೆಳಗಾವಿ, ಧಾರವಾಡ, ಬಿಜಾಪುರದ ನಮ್ಮ ಬಂಧುಗಳಲ್ಲಿ ಯಾರು ರೈಲು ಹತ್ತಿದರೂ ಇಳಿಯುವುದು ನಮ್ಮ ಹೊಸ್ತಿಲಲ್ಲೇ. ನೌಕರಿ ಹುಡುಕುವವರು ಬಂದರು, ದವಾಖಾನೆಗೆಂದು ಬಂದರು, ಗಂಡು ನೋಡಲು ಬಂದರು, ಬರೀ ಸಮುದ್ರ ನೋಡಲಿಕ್ಕೂ ಬಂದರು. ಸಮುದ್ರವೇನು ಒಂದೇ ದಿನಕ್ಕೆ ನೋಡಿ ಮುಗಿಯುತ್ತದೆಯೇ!

ಆ ವರ್ಷ ಗಣಪತಿ ಹಬ್ಬಕ್ಕೆ ಬಂದವರು ಅತ್ತೆಯವರ ಚಿಕ್ಕಪ್ಪನ ಮಗ ಮತ್ತು ಅವರ ಹೆಂಡತಿ. ನಮಗೆ ಮಾಮಾ, ಮಾಮಿ. ಮಾಮಾ ಕಣ್ಣು ತೋರಿಸಲಿಕ್ಕೆ ಬಂದಿದ್ದರು. ಡಾಕ್ಟರು ಎರಡೇ ವಾರದಲ್ಲಿ ಚಷ್ಮಾ ಕೊಟ್ಟು ಇನ್ನು ಊರಿಗೆ ಹೋಗಬಹುದು ಎಂದರು. ಆ ಚಷ್ಮಾ ಹಾಕಿಕೊಂಡು ಮಾಮಾ ದೀಪಾವಳಿ ಕಳೆಯುವವರೆಗೂ ನಮ್ಮ ಮನೆಯನ್ನೇ ನೋಡುತ್ತ ಕೂತರು. ನಾನು ಪಲ್ಯಕ್ಕೆ ಎಷ್ಟು ಎಣ್ಣೆ ಹಾಕಿದೆ, ಹಾಲಿನವನ ಹತ್ತಿರ ಎಷ್ಟು ಹೊತ್ತು ಮಾತಾಡಿದೆ, ಎಲ್ಲವೂ ಅವರಿಗೆ ಸ್ಪಷ್ಟವಾಗಿ ಕಾಣತೊಡಗಿತ್ತು.

ಗಂಡಸರು ಖೋಲಿಯ ಮುಂದಿನ ಉದ್ದ ಗ್ಯಾಲರಿಯಲ್ಲಿ ಮಲಗುವುದು, ಹೆಂಗಸರು ಒಳಗೆ. ಬೆಳಗಾದರೆ ನಮ್ಮ ಮನೆಯವರು ಡಬ್ಬಿ ಹಿಡಿದು ಲೋಕಲ್ಲಿಗೆ ಓಡುವುದು. ನಾಲ್ಕು ವರ್ಷದಲ್ಲಿ ನಾವಿಬ್ಬರೇ ಕೂತು ಆಡಿದ ಮಾತನ್ನೆಲ್ಲ ಕೂಡಿಸಿದರೆ ಒಂದು ಭಾನುವಾರ ತುಂಬುತ್ತಿರಲಿಲ್ಲ. "ಸಕ್ಕರಿ ತೀರ್ಯದ" ಅನ್ನುವುದು ನಾನು. "ಹೂಂ" ಅನ್ನುವುದು ಅವರು. ನಾನು ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು ಇಟ್ಟುಕೊಂಡು ಹುಟ್ಟಿದವಳು. ಪಾತ್ರೆ ಕುಕ್ಕಿದೆ, ಊಟ ಬಿಟ್ಟೆ, ಗೋಡೆಗೆ ಮುಖ ಮಾಡಿ ಕಣ್ಣೀರು ಹಾಕಿದೆ. ಎಲ್ಲದಕ್ಕೂ "ಹೂಂ". ಬೈಯುವ ಗಂಡನ ಜೊತೆಯಾದರೂ ಬಾಳಬಹುದು, ಹೂಂ ಅನ್ನುವವನ ಜೊತೆ ಹೇಗೆ ಬಾಳುವುದು?

ದಸರೆ ಆದ ಮೇಲೆ ಒಂದು ದಿನ ತಡೆಯಲಾರದೆ ಧಾರವಾಡದ ನಮ್ಮ ಅಣ್ಣನಿಗೆ ಕಾಗದ ಬರೆದೆ. ಯಾರ ಕಣ್ಣಿಗೂ ಬೀಳಬಾರದೆಂದು ಲಕೋಟೆಯಲ್ಲಿ ಹಾಕಿ ಅಂಟಿಸಿದೆ. "ನನಗೆ ಇಲ್ಲಿ ಇರುವುದು ಆಗುವುದಿಲ್ಲ. ಬಂದು ಕರೆದುಕೊಂಡು ಹೋಗು. ಮತ್ತೆ ಕಳಿಸಬೇಡ" ಎಂದು ಮೂರೇ ಸಾಲು. ಅಂಚೆ ಡಬ್ಬಿಗೆ ಹಾಕಿ ಬಂದು ಏನೂ ಆಗದವಳಂತೆ ಮಾಮಾನ ಚಹಾಕ್ಕೆ ಶುಂಠಿ ಜಜ್ಜಿದೆ. ಉತ್ತರ ಬರಲಿಲ್ಲ. ವಾರಗಳೇ ಕಳೆದವು.

ಹೀಗಿರುವಾಗ ಒಂದು ಭಾನುವಾರ ನಮ್ಮ ಮನೆಯವರು ಕಾಯಿಪಲ್ಯ ತರೋಣ ಬಾ ಎಂದು ನನ್ನನ್ನು ಹೊರಡಿಸಿದರು. ಕೆಳಗಿಳಿದವರು ಬಜಾರಕ್ಕೆ ಹೋಗದೆ ನಮ್ಮ ಚಾಳಿನ ಬುಡದಲ್ಲಿದ್ದ ಉಡುಪಿ ಹೋಟೆಲಿನ ಒಳಕ್ಕೆ ಹೊಕ್ಕರು. ಮೂಲೆಯಲ್ಲಿ ಅರ್ಧ ಬಾಗಿಲಿನ ಫ್ಯಾಮಿಲಿ ರೂಮ್. ನನಗೆ ಗಾಬರಿ. ಮಸಾಲೆ ದೋಸೆ ಹೇಳಿ, ಬೆವರು ಒರೆಸಿಕೊಂಡು, ಮೇಜನ್ನೇ ನೋಡುತ್ತ ಕೇಳಿದರು: "ನಿನಗ ಸೈಕಲ್ ಹೊಡೀಲಿಕ್ಕೆ ಬರ್ತದಂತಲ್ಲ? ಅವ್ವ ಅಂದ್ಲು."

ಬರುತ್ತಿತ್ತು. ಅಣ್ಣನ ಸೈಕಲನ್ನು ಕದ್ದು ಓಡಿಸಿ ಕಲಿತವಳು ನಾನು. ಮೊಣಕಾಲಿನ ಕಲೆ ಇನ್ನೂ ಇದೆ. ಯಾವಾಗಲೋ ಅತ್ತೆಯವರಿಗೆ ಹೇಳಿದ್ದೆ, ಮರೆತೂ ಬಿಟ್ಟಿದ್ದೆ.

"ಮೂರು ದಿನ ರಜಾ ಸಿಗ್ತದ," ಎಂದರು. "ಎರಡು ಸೈಕಲ್ ತಗೊಂಡು ಎಲ್ಲೆರೆ ಹಳ್ಳಿ ಕಡೆ ಹೋಗೂಣು. ಸಾವಕಾಶ. ಎಲ್ಲೆ ಸಂಜಿ ಆಗ್ತದ ಅಲ್ಲೆ ಇರೂಣು. ನಾವಿಬ್ಬರ ಅಷ್ಟ."

ನಾಲ್ಕು ವರ್ಷದಲ್ಲಿ ಒಂದೇ ಉಸಿರಿಗೆ ಅವರು ಆಡಿದ ಅತಿ ಉದ್ದದ ಮಾತು ಅದು. ಲಕೋಟೆಯ ವಿಷಯ ಬಾಯಿಗೆ ಬಂತು, ನುಂಗಿದೆ. ಮನಸ್ಸಿನಲ್ಲೇ ಗಂಟು ಹಾಕಿಕೊಂಡೆ: ಈ ಮೂರು ದಿನ ನೋಡುತ್ತೇನೆ. ಇಬ್ಬರೇ ಇದ್ದಾಗಲೂ ಈ ಮನುಷ್ಯ ಹೂಂ ಅಂದರೆ, ಅಣ್ಣ ಬಂದ ದಿನವೇ ಪೆಟ್ಟಿಗೆ ಕಟ್ಟುವುದು.

ಊರು ಯಾವುದು ಎಂಬುದೇ ದೊಡ್ಡ ಸಮಸ್ಯೆಯಾಯಿತು. ನೆಂಟರಿಲ್ಲದ ಊರು ಬೇಕಲ್ಲ! ಲೋಣಾವಳಾ ಅಂದರೆ ಅಲ್ಲಿ ಅವರ ಮಾವಶಿ, ಅತ್ತೆಯವರ ತಂಗಿ. ಕಲ್ಯಾಣ ಅಂದರೆ ನನ್ನ ದೊಡ್ಡಪ್ಪನ ಅಳಿಯ. ನಮ್ಮ ಗೊಂದಲವನ್ನು ಗಲ್ಲಾಪೆಟ್ಟಿಗೆಯ ಮುಂದೆ ಕೂತು ಕೇಳುತ್ತಿದ್ದ ಹೋಟೆಲ್ ಮ್ಯಾನೇಜರರಿಗೆ ತಡೆಯಲಾಗಲಿಲ್ಲ. ಅವರು ಉಡುಪಿ ಕಡೆಯವರು, ಎಂಥ ಗುಟ್ಟನ್ನೂ ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಮನುಷ್ಯ.

"ವಸಾಯಿಯಲ್ಲಿ ನಿಮ್ಮವರು ಯಾರಾದ್ರೂ ಉಂಟಾ?" ಎಂದು ಕೇಳಿದರು.

ನಾವು ಮುಖ ಮುಖ ನೋಡಿಕೊಂಡು ಇಲ್ಲ ಎಂದೆವು.

"ಹಾಗಾದ್ರೆ ಇನ್ನೆಂತ ಮಾರಾಯ್ರೆ! ನಮಗೆ ಊಟದ ಎಲೆ ಬರುವುದೇ ಅಲ್ಲಿಂದ. ಎಲೆ ತರುವ ಹೆಂಗಸಿಗೆ ನಾನು ಹೇಳ್ತೇನೆ. ಪಾಪದ ಹೆಂಗಸು. ಅವಳ ವಾಡಿಯಲ್ಲಿ, ಅಂದ್ರೆ ತೋಟದ ಮನೆಯಲ್ಲಿ, ಒಂದು ಕೋಣೆ ಇದ್ದೇ ಇರ್ತದೆ."

ಆ ಹೆಂಗಸು ದಿನಾ ಮೊದಲ ಲೋಕಲ್ಲಿಗೆ ಬಾಳೆ ಎಲೆಯ ಕಟ್ಟು ಹೊತ್ತು ಬರುತ್ತಿದ್ದಳು. ನಮ್ಮ ಪ್ರವಾಸದ ತಯಾರಿಯೆಲ್ಲ ನಡೆದದ್ದು ಅವಳ ಎಲೆಗಳ ಜೊತೆಗೆ. ಬೆಳಿಗ್ಗೆ ಹಾಲಿಗೆಂದು ಇಳಿದಾಗ ನಾನು ಮ್ಯಾನೇಜರರಿಗೆ ಒಂದು ಪ್ರಶ್ನೆ ಕೊಡುವುದು, ಮಾರನೆಯ ದಿನ ಅವಳ ಉತ್ತರ ಅವರ ಬಾಯಲ್ಲಿ ಬರುವುದು. ಕೋಣೆ ಇದೆ, ಮಂಚವಿಲ್ಲ. ಬಾವಿ ಇದೆ, ನೀರು ಸಿಹಿ. ಎರಡನೆಯ ರಾತ್ರಿಗೆ ಮಾಂಡವಿಯ ದಾರಿಯಲ್ಲಿ ಅವಳ ತವರುಮನೆ. ಅಲ್ಲಿಂದ ವಜ್ರೇಶ್ವರಿ ದೂರವಿಲ್ಲ, ದೇವಿಯ ಗುಡಿಯ ಹತ್ತಿರ ಬಿಸಿನೀರಿನ ಕುಂಡಗಳಿವೆ, ಸೈಕಲ್ ತುಳಿದ ಕಾಲಿಗೆ ಬಹಳ ಒಳ್ಳೆಯದಂತೆ. ಮ್ಯಾನೇಜರರು ಬಿಲ್ಲಿನ ಹಾಳೆಯ ಹಿಂದೆ ದಾರಿಯ ನಕಾಶೆ ಬರೆದುಕೊಟ್ಟರು. ಬಾಡಿಗೆ ಅಂಗಡಿಯಲ್ಲಿ ಎರಡು ಸೈಕಲ್ ಹೇಳಿಯಾಯಿತು. ಲೇಡೀಸ್ ಸೈಕಲ್ ಇದ್ದದ್ದು ಒಂದೇ, ಅದರ ಗಂಟೆ ಸದ್ದು ಮಾಡುತ್ತಿರಲಿಲ್ಲ. ನನ್ನ ಬಾಯಿ ಇರುವಾಗ ಗಂಟೆ ಯಾಕೆ ಎಂದು ನಮ್ಮ ಮನೆಯವರು ಅಂದರು. ಅವರು ಚೇಷ್ಟೆ ಮಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ.

ಇಷ್ಟೆಲ್ಲ ಚಂದ ನಡೆದದ್ದನ್ನು ಕೆಡಿಸಿದವಳು ನಾನೇ. ಮನೆಯಲ್ಲಿ ಏನೆಂದು ಹೇಳುವುದು? ಗಂಡ ಹೆಂಡತಿ ಸುಮ್ಮನೆ ತಿರುಗಾಡಿ ಬರುತ್ತೇವೆ ಎಂದರೆ ಮಾಮಾನ ಚಷ್ಮಾ ಹಣೆಗೇ ಏರುತ್ತಿತ್ತು. ಆಗ ನನ್ನ ಜಾಣ ತಲೆಗೆ ಹೊಳೆದದ್ದು ಹರಕೆ. ಒಂದು ದಿನ ಊಟಕ್ಕೆ ಬಡಿಸುತ್ತ, "ವಜ್ರೇಶ್ವರಿ ದೇವೀಗೆ ಹರಕಿ ಹೊತ್ತೀನಿ. ಸೈಕಲ್ ಮ್ಯಾಲೆ ಬಂದು ಕಾಯಿ ಒಡಸ್ತೀನಿ ಅಂತ ಬೇಡಿಕೊಂಡೀನಿ" ಎಂದುಬಿಟ್ಟೆ. ನಾಲ್ಕು ವರ್ಷವಾದರೂ ಮಕ್ಕಳಿಲ್ಲದವಳ ಹರಕೆಯನ್ನು ಯಾರು ಪ್ರಶ್ನಿಸುತ್ತಾರೆ?

ಯಾರೂ ಪ್ರಶ್ನಿಸಲಿಲ್ಲ. ಮಾಮಾ ಅನ್ನ ಕಲಸುವುದನ್ನು ನಿಲ್ಲಿಸಿ ಕೈ ಮುಗಿದರು. "ಅಗದೀ ಛಲೋ ಆತು! ಮುಂಬಯಿಗೆ ಬಂದು ಒಂದು ಕ್ಷೇತ್ರ ಆಗಲಿಲ್ಲಲ್ಲ ಅಂತ ನಾನೂ ಅನ್ಕೊಂಡಿದ್ದೆ. ನೀವು ಸೈಕಲ್ ಮ್ಯಾಲೆ ಬರ್ರಿ. ನಾವು ಮೂವರು ಬಸ್ಸಿನ್ಯಾಗ ಮುಂದ ಹೋಗಿ ಜಾಗಾ ಹಿಡಿದಿರ್ತೀವಿ."

"ಬುತ್ತಿ ನಾ ಕಟ್ತೀನಿ," ಎಂದರು ಮಾಮಿ. "ಹಾದಿಯೊಳಗ ಎಲ್ಲೆಲ್ಲೆ ಇಳಕೋತೀರಿ ಹೇಳ್ರಿ, ನಾವೂ ಅಲ್ಲೇ ಇಳಕೋತೀವಿ."

ನನ್ನ ಕೈಯಲ್ಲಿದ್ದ ಸಾರಿನ ಸೌಟು ಹಾಗೇ ನಿಂತಿತು. ನಮ್ಮ ಜನರಲ್ಲಿ ಯಾರಿಗೆ ಏನು ಬೇಕಾದರೂ ಬೇಡ ಅನ್ನಬಹುದು, ದೇವರ ದರ್ಶನಕ್ಕೆ ಬರುತ್ತೇನೆ ಅಂದವರನ್ನು ಬೇಡ ಅನ್ನುವ ಹಾಗಿಲ್ಲ. ಸಿನೆಮಾಕ್ಕೆ ಎಂದಿದ್ದರೆ ಒಂದು ದಿನ ಬೈದು ಬಿಡುತ್ತಿದ್ದರು. ಕ್ಷೇತ್ರ ಅಂದೆನಲ್ಲ, ಮಾಡಿದ್ದುಣ್ಣೋ ಮಹರಾಯ! ನಮ್ಮ ಮನೆಯವರ ಕಡೆ ನೋಡಿದೆ. ಅವರು ತಲೆ ತಗ್ಗಿಸಿ, "ಹೂಂ" ಎಂದರು.

ಆ ಹೂಂ ಕೇಳಿದ ಮೇಲೆ ನನ್ನ ಜೀವವೇ ಮುದುಡಿತು. ಎರಡು ದಿನ ನಾನು ಯಾರ ಹತ್ತಿರವೂ ಮಾತಾಡಲಿಲ್ಲ. ಮಾಮಿ ಚಟ್ನಿಪುಡಿ ಕುಟ್ಟಿದರು, ಮಾಮಾ ಬಸ್ಸಿನ ವೇಳೆ ಬರೆದುಕೊಂಡು ಬಂದರು. ಮಲಗುವ ಚಾಪೆ ಐದು ಸುತ್ತಿಟ್ಟಾಯಿತು. ನಮ್ಮ ಖೋಲಿಯನ್ನೇ ಎತ್ತಿ ವಸಾಯಿಗೆ ಒಯ್ಯುವ ತಯಾರಿ. ಅತ್ತೆಯವರು ಮಾತ್ರ ಅತ್ತ ಹಾಂ ಅನ್ನಲಿಲ್ಲ, ಇತ್ತ ಊಹೂಂ ಅನ್ನಲಿಲ್ಲ. ಗ್ಯಾಲರಿಯಲ್ಲಿ ಕೂತು ಬತ್ತಿ ಹೊಸೆಯುತ್ತ ನನ್ನ ಮುಖ ನೋಡುತ್ತಿದ್ದರು. ಈ ಮುದುಕಿಗೂ ಸಂತೋಷವಾಗಿದೆ ಎಂದುಕೊಂಡು ನಾನು ಅವರ ಮೇಲೂ ಹಲ್ಲು ಕಡಿದೆ.

ಹೊರಡುವ ಹಿಂದಿನ ದಿನ ಮಧ್ಯಾಹ್ನ ನಾನು ಒಳಗೆ ಅಕ್ಕಿ ಆರಿಸುತ್ತಿದ್ದೆ. ಪೋಸ್ಟಮನ್ನನ ಕೂಗು ಕೇಳಿತು. ಗ್ಯಾಲರಿಯಲ್ಲಿದ್ದ ಅತ್ತೆಯವರೇ ಕಾರ್ಡು ತೆಗೆದುಕೊಂಡರು. ಅವರಿಗೆ ಓದು ಬರುತ್ತಿತ್ತು, ಆದರೆ ಒಂದೊಂದೇ ಅಕ್ಷರ ಕೂಡಿಸಿ ಓದುವವರು. ಬಹಳ ಹೊತ್ತು ಸದ್ದಿಲ್ಲ. ಆಮೇಲೆ ಒಮ್ಮೆಲೇ, "ಅಯ್ಯ ಶಿವನೇ!" ಎಂದದ್ದು ಕೇಳಿ ನಾವೆಲ್ಲ ಹೊರಗೆ ಓಡಿದೆವು. ಅವರು ಕಾರ್ಡನ್ನು ಎರಡಾಗಿ ಹರಿದು, ನಾಲ್ಕಾಗಿ ಹರಿದು, ಚೂರು ಚೂರು ಮಾಡಿ ಗ್ಯಾಲರಿಯಿಂದ ಕೆಳಗೆ ಚೆಲ್ಲುತ್ತಿದ್ದರು. ಅಶುಭದ ಕಾರ್ಡನ್ನು ನಮ್ಮಲ್ಲಿ ಹೀಗೆಯೇ, ಓದಿದ ಕೂಡಲೇ ಹರಿದು ಎಸೆಯುತ್ತಾರೆ. ಮನೆಯೊಳಗೆ ತರುವುದಿಲ್ಲ.

"ಕಾಶಿ ಅಣ್ಣ ಹೋದನಂತ," ಎಂದರು.

ಕಾಶಿ ಅಣ್ಣ ಎಂದರೆ ಅತ್ತೆಯವರಿಗೂ ಮಾಮಾನಿಗೂ ದೊಡ್ಡಪ್ಪನ ಮಗ. ಇಪ್ಪತ್ತು ವರ್ಷದ ಹಿಂದೆ ಸಂಸಾರ ಬೇಡವೆಂದು ಕಾಶಿಗೆ ಹೋದವನು. ಆಮೇಲೆ ಅವನ ಸುದ್ದಿಯೇ ಇರಲಿಲ್ಲ.

"ಯಾರು ಬರದಾರ ಅಕ್ಕಾ?" ಎಂದರು ಮಾಮಾ.

"ಯಾರೋ ಮಠದವರು. ಹೋಗಿ ನಾಲ್ಕು ದಿನ ಆತಂತ. ಮುಟ್ಟಬ್ಯಾಡ್ರಿ, ಸರೀರಿ." ಅಷ್ಟು ಹೇಳಿ ಅತ್ತೆಯವರು ಉಟ್ಟ ಸೀರೆಯಲ್ಲೇ ಮೂಲೆಯ ಬಚ್ಚಲ ಮೋರಿಗೆ ಹೋಗಿ ತಲೆಯ ಮೇಲೆ ತಣ್ಣೀರು ಸುರಿದುಕೊಂಡರು. ಮಾಮಾನೂ ಸ್ನಾನ ಮಾಡಿ, ಒದ್ದೆ ಪಂಚೆಯಲ್ಲಿ ನಿಂತು ಬೆರಳು ಮಡಿಚಿ ಲೆಕ್ಕ ಹಾಕಿದರು. ಒಂದೇ ಮನೆತನದವರು, ಹತ್ತು ದಿನದ ಸೂತಕ. ನಾಲ್ಕು ಕಳೆದರೆ ಇನ್ನು ಆರು. ಅಲ್ಲಿಯವರೆಗೆ ಮಾಮಾ, ಮಾಮಿ ಗುಡಿಯ ಮೆಟ್ಟಿಲು ಹತ್ತುವ ಹಾಗಿಲ್ಲ. ಕೊಟ್ಟ ಮಗಳಾದ ಅತ್ತೆಯವರಿಗೆ ಸುದ್ದಿ ಕೇಳಿದಂದಿನಿಂದ ಮೂರು ದಿನ. ನನಗೂ ನನ್ನ ಗಂಡನಿಗೂ ಗೋತ್ರವೇ ಬೇರೆ, ಏನೂ ಅಂಟದು.

"ಹಂಗಾದ್ರ ಹರಕಿ ಮುಂದ ಹಾಕೂಣು," ಎಂದರು ಮಾಮಿ.

"ಹರಕಿ ಮುಂದ ಹಾಕ್ತಾರೇನ?" ಅತ್ತೆಯವರ ತಲೆಯಿಂದ ಇನ್ನೂ ನೀರು ಸುರಿಯುತ್ತಿತ್ತು. "ದೇವಿ ಸಿಟ್ಟಿನಾಕಿ. ಅವರಿಬ್ಬರ ಹೋಗಿ ಬರ್ಲಿ. ನಾವು ಸೂತಕದವರು ಮೂವರೂ ಇಲ್ಲೇ ಬೇಯಿಸಿಕೊಂಡು ತಿನ್ನೂಣು."

ಆಗಲೇ ನಾನು ಸೆರಗು ಬಾಯಿಗೆ ಒತ್ತಿಕೊಂಡದ್ದು. ನೋಡಿಲ್ಲದ, ಕೇಳಿಲ್ಲದ ಒಬ್ಬ ಮುದುಕ ಕಾಶಿಯಲ್ಲಿ ಕಣ್ಣು ಮುಚ್ಚಿ ನನಗೆ ಮೂರು ದಿನ ದಾನ ಮಾಡಿದ್ದ. ಪುಣ್ಯಾತ್ಮ! ಅವನ ಹೆಸರಿನಲ್ಲಿ ಒಳಗೇ ಕೈ ಮುಗಿದೆ.

ಮರುದಿನ ಸೈಕಲ್‌ಗಳನ್ನು ಲಗೇಜ್ ಡಬ್ಬಿಗೆ ಹಾಕಿ ರೈಲು ಹತ್ತಿದೆವು. ಅಂಧೇರಿ, ಕಾಂದಿವಲಿ ದಾಟಿ, ಸಮುದ್ರ ಒಳಚಾಚಿದ ಖಾಡಿಯ ದೊಡ್ಡ ಸೇತುವೆಯ ಮೇಲೆ ಗಾಡಿ ಹೋಗುವಾಗ ಉಪ್ಪು ಗಾಳಿ ಬಡಿಯಿತು. ಬಿಗಿದು ಕಟ್ಟಿದ್ದ ರವಿಕೆಯ ದಾರ ಸಡಿಲಿಸಿದಷ್ಟು ಹಾಯೆನಿಸಿತು. ವಸಾಯಿಯಲ್ಲಿ ಇಳಿದು ಸೈಕಲ್ ಹತ್ತಿದರೆ ಎರಡೂ ಕಡೆ ಬಾಳೆತೋಟ, ವೀಳ್ಯದೆಲೆಯ ಬಳ್ಳಿ, ಮಣ್ಣಿನ ದಾರಿ. ಅರ್ಧ ಫರ್ಲಾಂಗ್ ಹೋಗುವಷ್ಟರಲ್ಲಿ ನಮ್ಮ ಮನೆಯವರು ಕಾಲುವೆಯಲ್ಲಿ ಬಿದ್ದರು. ಸೈಕಲ್ ಮೇಲೆ ಹೋಗೋಣ ಎಂದು ಹೊರಡಿಸಿದವರೇ ಅವರು! ನಾನು ಇಳಿದು ಕೈ ಕೊಟ್ಟು ಎಬ್ಬಿಸಿದೆ. ಇಬ್ಬರೂ ರಸ್ತೆಯಲ್ಲೇ ನಿಂತು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆವು. ಮಾಮಿಯ ಚಷ್ಮಾ ಇಲ್ಲದ ಕಣ್ಣೂ ಇಲ್ಲ, ಮಾಮಾನ ಚಷ್ಮಾ ಇದ್ದ ಕಣ್ಣೂ ಇಲ್ಲ. ಯಾರು ಕೇಳಬೇಕು?

ಎಲೆಯ ಹೆಂಗಸು ಕೋಣೆಗೆ ಸಗಣಿ ಸಾರಿಸಿ ಇಟ್ಟಿದ್ದಳು. ಅಕ್ಕಿ ರೊಟ್ಟಿ, ಬಾಳೆಕಾಯಿಯ ಪಲ್ಯ ಕೊಟ್ಟಳು. ನಾಲ್ಕು ವರ್ಷದಲ್ಲಿ ಮೊದಲ ಸಲ ನಾನು ಕೂತಲ್ಲಿಗೆ ಊಟ ಬಂದಿತ್ತು. ಎರಡನೆಯ ದಿನ ಬಿಸಿಲೇರಿದಾಗ ಒಂದು ಹುಣಸೆ ಮರದ ಕೆಳಗೆ ಸೈಕಲ್ ಒರಗಿಸಿ ಕೂತೆವು. ಅಲ್ಲಿ ಅವರು ಮಾತಾಡತೊಡಗಿದರು. ಆಫೀಸಿನ ಸಾಹೇಬನ ಅಣಕು ಮಾಡಿದರು. ಚಿಕ್ಕವರಿದ್ದಾಗ ಅಪ್ಪ ಸತ್ತದ್ದು, ನೆಂಟರ ಮನೆಯ ಹೊರಜಗಲಿಯಲ್ಲಿ ಅವ್ವನ ಜೊತೆ ಬೆಳೆದದ್ದು ಹೇಳಿದರು. "ಅವರ ಮನ್ಯಾಗ ಉಂಡು ಬೆಳದಾಂವ ನಾನು. ಯಾರ ಬಂದ್ರೂ ಬ್ಯಾಡ ಅನ್ನಲಿಕ್ಕೆ ಬಾಯಿ ಬರೂದಿಲ್ಲ. ಹೂಂ ಅಂತೀನಿ. ಅದರಾಗ ನಿನ್ನ ಹಾಳು ಮಾಡಿದೆ." ಇಷ್ಟು ದಿನ ನಾನು ಬೈದ ಹೂಂ ಇದೇ! ಅಲ್ಲೇ, ಆಗಲೇ ಲಕೋಟೆಯ ವಿಷಯ ಹೇಳಿಬಿಟ್ಟೆ. ಅಣ್ಣ ಬಂದರೆ ಹೋಗುವವಳಿದ್ದೆ ಎಂದೆ. ಅವರು ಹೂಂ ಅನ್ನಲಿಲ್ಲ. "ಹೋಗಬ್ಯಾಡ" ಎಂದರು. ಆ ಒಂದು ಮಾತಿಗೆ ನಾನು ನಾಲ್ಕು ವರ್ಷ ಕಾದಿದ್ದೆ.

ಮೂರನೆಯ ದಿನ ವಜ್ರೇಶ್ವರಿಯಲ್ಲಿ ಕಾಯಿ ಒಡೆಸಿದೆವು. ಸುಳ್ಳು ಹರಕೆಗೆ ಖರೇ ಕಾಯಿ. ಬಿಸಿನೀರಿನಲ್ಲಿ ಕಾಲು ಇಳಿಬಿಟ್ಟು ಕೂತಾಗ, ಮನೆಗೆ ಹೋಗಲಿಕ್ಕೆ ಇಷ್ಟು ಮನಸ್ಸಿರುತ್ತದೆ ಎಂದು ನಾನು ಅಂದುಕೊಂಡಿರಲಿಲ್ಲ.

ಹಿಂತಿರುಗಿದ ಮರುದಿನ ಮಾಮಾ, ಮಾಮಿ ಕೆಳಗೆ ಗಾಳಿಗೆ ಹೋಗಿದ್ದರು. ನಾನು ಗ್ಯಾಲರಿಯಲ್ಲಿ ಪ್ರವಾಸದ ಬಟ್ಟೆ ಒಣಗಿಸುತ್ತಿದ್ದೆ. ಸೂತಕ ಕಳೆದು ಸ್ನಾನ ಮಾಡಿದ್ದ ಅತ್ತೆಯವರು ಬತ್ತಿ ಹೊಸೆಯುತ್ತ ಕೂತಿದ್ದರು. ತಲೆ ಎತ್ತದೆ ಕೇಳಿದರು: "ಮಾತಾಡಿದಿರ?"

"ಹೂಂ," ಎಂದೆ ನಾನು.

"ಹಂಗಾದ್ರ ನಿಮ್ಮ ಅಣ್ಣಗ ಇವತ್ತ ಒಂದು ಕಾರ್ಡ್ ಹಾಕು. ಬರೂ ಮಂಗಳವಾರ ಗಾಡಿ ಹತ್ತಾಂವ ಇದ್ದಾನ."

ಕೈಯಲ್ಲಿದ್ದ ಒದ್ದೆ ಸೀರೆ ಹಾಗೇ ಉಳಿಯಿತು. ಅಣ್ಣ ಬರುವುದು ಇವರಿಗೆ ಹೇಗೆ ಗೊತ್ತು? ಮಂಗಳವಾರ ಎಂದು ಹೇಗೆ ಗೊತ್ತು? ಆಮೇಲೆ ಹೊಳೆಯಿತು. ನಮ್ಮ ಅಣ್ಣ ಎಂಬ ಮಹಾ ಬುದ್ಧಿವಂತ, ನಾನು ಲಕೋಟೆಯಲ್ಲಿ ಮುಚ್ಚಿ ಬರೆದ ಗುಟ್ಟಿಗೆ ಬಿಚ್ಚು ಕಾರ್ಡಿನಲ್ಲಿ ಉತ್ತರ ಬರೆದಿದ್ದ! ಅತ್ತೆಯವರು ಅಕ್ಷರ ಅಕ್ಷರ ಕೂಡಿಸಿ ಓದಿ, ಚೂರು ಚೂರು ಮಾಡಿ ಬೀದಿಗೆ ಚೆಲ್ಲಿದ್ದು ಆ ಕಾರ್ಡನ್ನು.

ಸೀರೆಯನ್ನು ಹಗ್ಗದ ಮೇಲೆ ಎಸೆದು ಅವರ ಎದುರು ಕೂತೆ. ಕೇಳಿದ್ದು ಒಂದೇ: "ಅತ್ತಿಯವರ, ಹಂಗಾದ್ರ ಕಾಶಿ ಅಣ್ಣ?"

"ಎಲ್ಲಿದ್ದಾನೋ ಯಾಂವ ಬಲ್ಲ," ಎಂದರು. "ಸತ್ತಿದ್ರ ಅವನ ಹೆಸರಿಲೆ ನಂದೊಂದು ಸ್ನಾನ ಆತು. ಬದುಕಿದ್ರ ಸುಳ್ಳ ಸುದ್ದಿಗೆ ಆಯುಷ್ಯ ಹೆಚ್ಚಾತು. ಎರಡರಾಗೂ ಅವಗ ಲಾಭನ."

ಮಡಿ ಎಂದರೆ ಮಡಿ, ಒಂದು ಸುಳ್ಳಾಡದ ಹೆಂಗಸು. ಮೂರು ದಿನ ಇಲ್ಲದ ಸೂತಕ ಹಿಡಿದು ಮೂಲೆಯಲ್ಲಿ ಕೂತಿದ್ದರು, ದೇವರ ಪೂಜೆ ಬಿಟ್ಟು.

ನಾನು ಒಳಗೆ ಹೋಗಿ ಕಾರ್ಡು ತಂದು ಅವರ ಎದುರೇ ಬರೆದೆ. "ಅಣ್ಣಾ, ನನ್ನನ್ನು ಕರೆದುಕೊಂಡು ಹೋಗಲಿಕ್ಕೆ ಬರಬೇಡ. ನಾನು ಇಲ್ಲಿಯೇ ಇರುತ್ತೇನೆ. ನಮ್ಮ ಅತ್ತೆಯವರು ಇದ್ದಾರೆ." ಬರೆದು ಅವರ ಕೈಗೆ ಕೊಟ್ಟೆ. ಅವರು ಕಾರ್ಡನ್ನು ಬೆಳಕಿಗೆ ಹಿಡಿದು, ತುಟಿ ಅಲ್ಲಾಡಿಸುತ್ತ, ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಕಡೆಯ ಸಾಲಿಗೆ ಬಂದಾಗ ಸ್ವಲ್ಪ ಹೆಚ್ಚು ಹೊತ್ತು ಹಿಡಿಯಿತು. ಆಮೇಲೆ ಸೆರಗು ಸರಿ ಮಾಡಿಕೊಂಡು ಎದ್ದು, ಮೂರು ಮಾಳಿಗೆಯ ಮೆಟ್ಟಿಲು ಇಳಿದು, ತಾವೇ ಹೋಗಿ ಅದನ್ನು ಅಂಚೆ ಡಬ್ಬಿಗೆ ಹಾಕಿ ಬಂದರು.